ಇತರೆ

ಅರ್ಜಿ ಹಾಕಿದರೆ ಸಿಗುವ ಕಾರ್ಡಲ್ಲ ಅದು.
ಅವರೇ ಕರೆಯಬೇಕು, ಮದುವೆಗೆ ಕರೆದ ಹಾಗೆ:
ದಪ್ಪ ಕಾಗದ, ರೇಷ್ಮೆದಾರ, ಒಳಗೆ
ಹದಿನೆಂಟು ಗ್ರಾಂ ಟೈಟೇನಿಯಂ.
ಮೇಜಿನ ಮೇಲೆ ಬಿಟ್ಟರೆ ಠಣ್ ಅನ್ನುತ್ತದೆ;
ಆ ಠಣ್ ಕೇಳಿಯೂ ತಲೆಯೆತ್ತದ ಮಾಣಿ
ಮೊನಾಕೋದಿಂದ ಮಕಾವುವರೆಗೆ ಇಲ್ಲವಂತೆ.

ಸಂಡರ್‌ಲ್ಯಾಂಡ್, ವೇರ್ ನದಿಯ ದಂಡೆ.
ಒಂದು ಕಾಲಕ್ಕೆ ಹಡಗು ಕಟ್ಟುತ್ತಿದ್ದ ಜಾಗದಲ್ಲಿ
ಈಗ ಗಾಜಿನ ಕಟ್ಟಡ. ಮೂರನೆಯ ಮಹಡಿ.
ಗ್ಲೆನಿಸ್ ಥರ್ಲ್‌ವೆಲ್‌ಗೆ ರಾತ್ರಿಪಾಳಿ.
ಕಿವಿಗೆ ಹೆಡ್‌ಸೆಟ್, ಮೊಣಕಾಲ ಮೇಲೆ ಕಾರ್ಡಿಗನ್,
ಡ್ರಾಯರಿನಲ್ಲಿ ಅರ್ಧ ಮುಗಿದ ಬಿಸ್ಕತ್ತಿನ ಪೊಟ್ಟಣ.
"ಹೇಳಿ ಸರ್, ನಿಮಗಾಗಿ ಏನು ಮಾಡಲಿ?"

ಏನು ಮಾಡಿಲ್ಲ ಅವಳು!
ಜನವರಿಯಲ್ಲಿ ನಲವತ್ತು ಬಿಳಿ ಪಿಯೊನಿ ಹುಡುಕಿದ್ದಾಳೆ.
ಆಂಟೀಬ್‌ನಲ್ಲಿ ಲಂಗರು ಹಾಕಿದ ವಿಹಾರನೌಕೆಗೆ
ನಡುರಾತ್ರಿ ಪಶುವೈದ್ಯರನ್ನು ಹತ್ತಿಸಿದ್ದಾಳೆ.
ಗಿಳಿಗೆ ಕೆಮ್ಮು, ಅಷ್ಟೆ.
ಎಂಟು ತಿಂಗಳಿಗೆ ಮೊದಲೇ ಭರ್ತಿಯಾದ ಹೋಟೆಲಿನಲ್ಲಿ
ಕಿಟಕಿ ಪಕ್ಕದ ಮೇಜು, ಇಬ್ಬರಿಗೆ; ಸಂಜೆ ಅದನ್ನೇ
ಒಬ್ಬರಿಗೆ ಎಂದು ತಿದ್ದಿಸಿದ್ದಾಳೆ.
ಯಾಕೆ ಎಂದು ಕೇಳುವಂತಿಲ್ಲ. ಕೇಳಲಿಲ್ಲ.
ಪ್ರತಿ ಕೆಲಸಕ್ಕೂ ಪರದೆಯ ಮೇಲೊಂದು ಖಾನೆ:
ಪ್ರಯಾಣ. ಊಟ. ಉಡುಗೊರೆ. ಪ್ರಾಣಿ.

ಆಂಬ್ರೋಸ್ ಪೆಲ್ಲೋ ಕರೆ ಮಾಡಿದ್ದು ಬೆಳಗಿನ ನಾಲ್ಕಕ್ಕೆ.
ಇಪ್ಪತ್ತಾರು ವರ್ಷದ ಸದಸ್ಯ. ತಿಂಗಳ ಬಾಕಿ
ತಿಂಗಳಿಗೇ ತೀರಿಸುವವನು, ಒಂದು ದಿನ ತಪ್ಪಿಸಿದವನಲ್ಲ.
ಲಂಡನ್ನಿನ ಮನೆ, ಅಡುಗೆಯವಳಿಗೆ ರಜೆ.
"ಒಂದು ಮೊಟ್ಟೆ ಬೇಯಿಸುವುದು ಹೇಗೆ?"

ಯಾರನ್ನಾದರೂ ಕಳಿಸಲೇ ಸರ್? ಬೇಡ.
ಹೋಟೆಲಿನಿಂದ ತರಿಸಲೇ? ಬೇಡ, ಬೇಡ.
ಹಾಗಾದರೆ ಪಾತ್ರೆ ತೆಗೆಯಿರಿ.
"ಪಾತ್ರೆ ಎಲ್ಲಿರುತ್ತದೆ?"
ಇನ್ನೂರೈವತ್ತು ಮೈಲಿ ಆಚೆಯಿಂದ
ಅವನ ಮನೆಯ ಕಪಾಟುಗಳನ್ನು
ಒಂದೊಂದಾಗಿ ಅವನ ಕೈಯಲ್ಲೇ ತೆರೆಸಿದಳು.
ಒಲೆಯ ಎಡಕ್ಕೆ ನೋಡಿ. ಇನ್ನೂ ಕೆಳಗೆ.
"ಸಿಕ್ಕಿತು!" ಎಂದ, ಚಿನ್ನ ಸಿಕ್ಕಿದವನಂತೆ.
ಅಲ್ಲ, ಚಿನ್ನ ಸಿಕ್ಕಾಗ ಇವರು ಹೀಗೆ ಕೂಗುವುದಿಲ್ಲ.

ನೀರು ಕುದಿಯಿತು. ಮೊಟ್ಟೆ ಇಳಿಯಿತು.
"ಎಷ್ಟು ಹೊತ್ತು?"
ನಾಲ್ಕು ನಿಮಿಷ, ಸರ್.
"ಫೋನು ಇಡಬೇಡಿ."
ಇಡಲಿಲ್ಲ. ಇಬ್ಬರೂ ಮಾತಾಡಲಿಲ್ಲ.
ಗುಳುಗುಳು, ಗುಳುಗುಳು. ಮೊಟ್ಟೆ ತಳಕ್ಕೆ ತಾಗಿ
ಟಿಕ್ ಎಂದದ್ದೂ ಕೇಳಿಸಿತು.
ಆಮೇಲೆ ಚಮಚದ ಸದ್ದು, ಒಂದು ಉಫ್,
"ಹಳದಿ ಇನ್ನೂ ಹರಿಯುತ್ತಿದೆ" ಎಂದ, ಹುಡುಗನ ಹಾಗೆ.
ಖಾನೆಗಳನ್ನೆಲ್ಲ ಜಾಲಾಡಿ ಗ್ಲೆನಿಸ್
'ಇತರೆ' ಒತ್ತಿದಳು.

ಏಪ್ರಿಲಿನಲ್ಲಿ ಕಾರ್ಡು ವಾಪಸು ಬಂತು,
ಸೋದರಳಿಯನ ವಕೀಲರ ಲಕೋಟೆಯಲ್ಲಿ.
ಪಾಯಿಂಟುಗಳ ಬಗ್ಗೆ ವಿಚಾರಿಸಿದ್ದರು: ಹನ್ನೊಂದು ಲಕ್ಷ ಚಿಲ್ಲರೆ.
ನಿಯಮ ಹದಿನಾಲ್ಕು: ಸದಸ್ಯನೊಂದಿಗೆ ಪಾಯಿಂಟೂ ತೀರಿಕೊಳ್ಳುತ್ತದೆ.
ಹಲ್ಲಿದ್ದಾಗ ಕಡಲೆಯಿಲ್ಲ ಅನ್ನುತ್ತೇವಲ್ಲ ನಾವು,
ಇಲ್ಲಿ ಕಡಲೆಯೇ ಹನ್ನೊಂದು ಲಕ್ಷ.

ಕತ್ತರಿಗೆ ಬಗ್ಗುವ ಕಾರ್ಡಲ್ಲ.
ನೆಲಮಾಳಿಗೆಯಲ್ಲಿ ಅದಕ್ಕೆಂದೇ ಒಂದು ಯಂತ್ರ, ಇಬ್ಬರು ಸಾಕ್ಷಿ.
ಒಬ್ಬ ಹಿಡಿ ಒತ್ತಿದ, ಗ್ಲೆನಿಸ್ ಸಹಿ ಹಾಕಿದಳು.
ಮೊದಲ ಸಲ ಜಾರಿತು. ಎರಡನೆಯದಕ್ಕೆ ತುಂಡಾಯಿತು.
ಇದೇ ದಂಡೆಯಲ್ಲಿ ಅವಳಪ್ಪ
ಹೆಬ್ಬೆರಳು ದಪ್ಪದ ಹಡಗಿನ ತಗಡನ್ನು
ಬೆಂಕಿಯಲ್ಲಿ ಕೊಯ್ಯುತ್ತಿದ್ದವನು.
ಇದ್ದಿದ್ದರೆ ನಗುತ್ತಿದ್ದ: ಇಷ್ಟಕ್ಕೆ ಇಷ್ಟು ಮಂದಿಯೇ?
ಅರ್ಧ ಹೆಸರು ಒಂದು ಡಬ್ಬಿಗೆ, ಇನ್ನರ್ಧ ಇನ್ನೊಂದಕ್ಕೆ.

ಕರೆಗಳನ್ನು ಗುಣಮಟ್ಟದ ದೃಷ್ಟಿಯಿಂದ
ಮುದ್ರಿಸಿಕೊಂಡಿರುತ್ತಾರೆ. ಏಳು ವರ್ಷ ಇಡುತ್ತಾರೆ.
ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ,
ಕಿಟಕಿ ಪಕ್ಕದ ಮೇಜು, ಬಿಳಿ ಹೂವು,
ಗಿಳಿಯ ಕೆಮ್ಮು, ಇವೆಲ್ಲದರ ನಡುವೆ
ಆ ನೀರು ಇನ್ನೂ ಕುದಿಯುತ್ತಿದೆ.
ಆಮೇಲೆ, ನಿಯಮದಂತೆ, ಅಳಿಸುತ್ತಾರೆ.