ಕೆಂಪು ಬೋಯಾ

ಇಲ್ಲಿಗೆ ಎಂಜಿನ್ ಬಂದ್.
ಕೆಂಪು ಬೋಯಾದಾಚೆ ನೌಕಾಪಡೆಯ ನೀರು.

ಅಲ್ಲೇನಿದೆ ಇನಾಸ್, ಅನ್ನುತ್ತಾರೆ.
ಬೆಳಗಿನವರಿಗೆ ಹಾವು ಕೊಟ್ಟೆ,
ಮಧ್ಯಾಹ್ನದವರಿಗೆ ಪೋರ್ಚುಗೀಸರ ಚಿನ್ನ.
ಹುಬ್ಬಳ್ಳಿಯ ಹೊಸ ಜೋಡಿಗೆ
ಅಮಾಸೆಗೆ ತಾನೇ ಬಡಿದುಕೊಳ್ಳುವ ಗಂಟೆ:
ಹುಡುಗಿ ಬೆವರಿ
ಇಪ್ಪತ್ತು ರೂಪಾಯಿ ಹೆಚ್ಚೇ ಕೊಟ್ಟಳು.

ಅಂಜದೀವ.
ಹೆಸರಲ್ಲೇ ಅಂಜದ್ದು. ಅಂಜುವವರು ನಾವು.

ಇಗರ್ಜಿಯ ಹಿಂದಿನ ಬಾವಿಗೆ
ತಾಮ್ರದ ಕೊಡ ಜಾರಿಸಿದ್ದಳು ನನ್ನಜ್ಜಿ,
ಮದುವೆಯಾದ ಮೂರನೇ ದಿನ.
ಅತ್ತೆಯ ಬಾಯಿಗೆ ಹೆದರಿ ಉಸಿರೆತ್ತಲಿಲ್ಲ.
ಸಾಯುವಾಗ ನನ್ನ ಕಿವಿಗೆ:
ತೆಗೆದು ತಾ ಮಗಾ.

ಇದೊಂದನ್ನು ಮಾರಿಲ್ಲ.

ದೋಣಿ ತಿರುಗಿಸುತ್ತೇನೆ.
ಆಚೆ ದುರ್ಬೀನಿನ ಹುಡುಗ ಕೈಯೆತ್ತುತ್ತಾನೆ,
ನಾನೂ ಎತ್ತುತ್ತೇನೆ.
ಕೊಡ ತುಂಬಿಯೇ ಇರಬೇಕು
ಇಷ್ಟು ವರ್ಷ,
ತುಳುಕದೆ.