ಕೀಲಿಕೈ

ನಮ್ಮ ಚರ್ಚಿನ ಬಾಗಿಲಿಗಿ ಒಂದೇ ಕೀಲಿ ಇತ್ತು.
ಪಾಸ್ಟರ್ ಜಯವಂತಪ್ಪನವರು ಶಹಾಪುರಕ್ಕ ವರ್ಗ ಆಗಿ ಹೋದ ಮ್ಯಾಲ
ಎರಡು ಆದವು.

ಮೊದಲಿನದು ಹಿರಿಯ ನಾಮದೇವಪ್ಪಂದು, ಹಿತ್ತಾಳಿದು,
ಅವರಪ್ಪನ ಕಾಲದ್ದು.
ಎರಡನೆಯದು ಸೆಕ್ರೆಟರಿ ಸ್ಯಾಮ್ಯುವೆಲಂದು,
ಬೀದರ ಚೌಬಾರಾದ ಬಲ್ಲಿ ತಂದದ್ದು, ನೂರಾ ಎಂಬತ್ತು ರೂಪಾಯಿ,
ರಸೀದಿ ಸಮೇತ.
ಜಗಳ ಕಾಣಿಕಿ ಡಬ್ಬಿದು ಅಂತ ಒಬ್ಬರು,
ಅಲ್ಲ, ಕುರ್ಚಿದು ಅಂತ ಇನ್ನೊಬ್ಬರು.
ನಾನು ಕಸ ಹೊಡಿಯಾಕಿ. ನನಗ್ಯಾರೂ ಕೇಳಲಿಲ್ಲ.

ಐತವಾರ ಬಂತು.
ಮೂವತ್ತೊಂದು ಮನಿ ಜನ ಬಿಳೇ ಸೀರಿ, ಇಸ್ತ್ರಿ ಅಂಗಿ ಹಾಕ್ಕೊಂಡು
ಎರಡು ಕೀಲಿ ನೋಡ್ಕೋತ ನಿಂತರು,
ಸತ್ತವರ ಮನಿ ಮುಂದ ನಿಂತಾಂಗ.
ಗಂಟಿ ಹಗ್ಗ ಒಳಗ. ಬೈಬಲ್ ಒಳಗ. ಚಾಪಿ ಒಳಗ.
ಒಳಗ ಇಲ್ಲದ್ದು ನಾವಷ್ಟೇ.

ಆಗ ಕರುಣಮ್ಮಾಯಿ, ಕಣ್ಣು ಕಾಣದಾಕಿ,
"ಯಾಕ ನಿಂತೀರಿ? ಬಿಸಲ ಏರ್ಲಾಕತ್ಯಾದ" ಅಂದಳು,
ಬೇವಿನ ಬುಡಕ್ಕ ಕೈ ತಡವಿಕೋತ ಹೋಗಿ ಕುಂತಳು.
ಎಷ್ಟೋ ವರ್ಷದ ಹಿಂದ ಇದೇ ಬುಡದಾಗ
ಅಕಿ ಅಪ್ಪ ತಲಿ ಮ್ಯಾಲ ನೀರು ಹಾಕಿಸಿಕೊಂಡಿದ್ದನಂತ.
"ಆಗ ಬಾಗಿಲಾ ಎಲ್ಲಿತ್ತು?"

ಅವತ್ತಿಂದ ಹನ್ನೊಂದು ಐತವಾರ.
ಗಂಟಿ ಬದಲಿ ಟ್ರ್ಯಾಕ್ಟರಿನ ಹಳೇ ಡಿಸ್ಕು.
ಪಾಠ ಕರುಣಮ್ಮಾಯಿ ಬಾಯಿಲೇ ಹೇಳತಿದ್ದಳು,
ಒಮ್ಮೊಮ್ಮಿ ಮತ್ತಾಯನೂ ಲೂಕನೂ ಕಲತು ಹೋಗತಿದ್ದರು,
ಯಾರೂ ತಿದ್ದಲಿಲ್ಲ.
ಕಾಣಿಕಿ ಅಂದರ ಪಾವು ಜೋಳ, ಒಂದು ಹಿಡಿ ತೊಗರಿ,
ಸೆರಗೊಡ್ಡಿ ನಾನೇ ಹಿಡದೆ.
ಕುರಿ ಹಿಂಡು ದಾಟೋ ತನಕ ಪ್ರಾರ್ಥನಿ ನಿಲ್ಲಿಸಬೇಕು.
ದರ್ಜಿ ಮೌಲಾಸಾಬ ಮಷೀನ್ ತುಳಿಯೋದು ಬಿಡತಿದ್ದ,
ನಾವು ಆಮೆನ್ ಅಂದ ಮ್ಯಾಲ ಮತ್ತ ತುಳಿತಿದ್ದ.

ಮ್ಯಾಲಿನ ಓಣಿ ಶರಣವ್ವ, ನೀರಿನ ಕೊಡ ಹೊತ್ತಾಕಿ,
ನೆರಳಿಗಿ ಅಂತ ನಿಂತಳು. ಒಂದು ವಾರ ನಿಂತಳು. ಇನ್ನೊಂದು ವಾರ
ಕೊಡ ಇಳಿಸಿದಳು.
ಜ್ವರ ಬಂದ ಮೊಮ್ಮಗಳ ಹೆಸರು ಹೇಳಿ
"ನಿಮ್ಮ ಅಯ್ಯಗ ಇದೊಂದು ಹೇಳ್ರಿ" ಅಂದಳು.
ಅಯ್ಯ ಇಲ್ಲರಿ, ವರ್ಗ ಆಗ್ಯಾರ, ಅಂದೆ.
"ಮ್ಯಾಲಿನ ಅಯ್ಯಗ" ಅಂದಳು.

ಪ್ರಭುಭೋಜನ ಆಗಲಿಲ್ಲ. ಅದಕ್ಕ
ತಲಿ ಮ್ಯಾಲ ಬಿಷಪ್ಪರ ಕೈ ಇಡಿಸಿಕೊಂಡವರೇ ಬೇಕು.
ನಾವು ರೊಟ್ಟಿ ಗಂಟು ಬಿಚ್ಚಿದಿವಿ, ಪುಂಡಿಪಲ್ಯ, ಹಿಂಡಿ.
ದೊಡ್ಡ ಹೆಸರು ಇಡಲಿಲ್ಲ. ಊಟ ಅಂದಿವಿ.
ಐದನೇ ವಾರ ನಾಮದೇವಪ್ಪ ಬಂದ, ಚಪ್ಪಲಿ ಬಿಡಲಾರದ ದೂರ ನಿಂತ.
ಏಳನೇ ವಾರ ಸ್ಯಾಮ್ಯುವೆಲ, ಅತ್ತ ಮಾರಿ ಮಾಡಿ.
ಒಂದೇ ರೊಟ್ಟಿ ಉಳದಿತ್ತು. ಮುರದು ಇಬ್ಬರಿಗೂ ಚಾಚಿದೆ.
ಕೀಲಿಕೈ ಕಿಸೆದಾಗೇ ಇದ್ದವು,
ಕೈ ಅಷ್ಟೇ ಹೊರಗ ಬಂದವು.
ತಿಂದರು. ಮಾತಾಡಲಿಲ್ಲ.
ರಾಜಿ ಆಯ್ತು ಅಂತ ನಾನು ಹೇಳೋದಿಲ್ಲ.

ಕಡೀಕ ಡಿ.ಎಸ್. ಸಾಹೇಬರು ಬೀದರದಿಂದ ಜೀಪಿನ್ಯಾಗ ಬಂದು
ಎರಡೂ ಕೀಲಿ ತೆಗಿಸಿದರು, ವಹಿದಾಗ ಸಹಿ ಹಾಕಿಸಿದರು.
ಒಳಗ ಬಾವಲಿ ವಾಸನಿ.
ಪುಲ್ಪಿಟ್ ಮ್ಯಾಲ ಬೈಬಲ್ ಬಾಜೂಕ ಗುಬ್ಬಿ ಗೂಡು,
ಮೂರು ಮರಿ, ಬಾಯಿ ತೆರಕೊಂಡು.
"ಇವಕ್ಕ ಯಾರು ಕೀಲಿಕೈ ಕೊಟ್ಟರು?" ಅಂದರು ಸಾಹೇಬರು.
ಗೂಡು ತೆಗಿಲಿಕ್ಕ ಹೇಳಲಿಲ್ಲ, ಅದೊಂದು ಚಲೋ ಮಾಡಿದರು.

ಹೊಸ ಪಾಸ್ಟರು ಇನ್ನಾ ಹುಡುಗ, ಮೀಸಿ ಈಗ ಮೂಡ್ಯಾದ.
ಮೊದಲನೇ ಪ್ರಸಂಗ, ಪುಸ್ತಕದ ಭಾಷೆದಾಗ:
ಸಭೆಯ ಸೇವೆ ನಾಲ್ಕು ಗೋಡೆಗಳೊಳಗಿಲ್ಲ,
ಪ್ರಿಯರೇ, ಹೊರಗೆ ಹೋಗಿರಿ!
ಮೊದಲು ಕರುಣಮ್ಮಾಯಿಗಿ ನಗಿ ಬಂತು. ಆಮ್ಯಾಲ ಎಲ್ಲರಿಗೂ.
ಪಾಪ, ಆ ಹುಡುಗ ತನ್ನ ಅಂಗಿ ಗುಂಡಿ ನೋಡಿಕೊಂಡ.

ಈಗ ಎರಡೂ ಕೀಲಿಕೈ ನನ್ನ ಬಲ್ಲಿ ಅವ.
ಸೆರಗಿನ ಚುಂಗಿಗಿ ಕಟ್ಟೀನಿ, ಸೀರಿ ಒಂದು ಕಡಿ ಜಗ್ಗತದ.
ಐತವಾರ ಬಾಗಿಲು ತೆಗಿಯೋಕಿಂತ ಮೊದಲು
ಬೇವಿನ ಬುಡಾ ಕಸ ಹೊಡಿತೀನಿ.
ಶರಣವ್ವ ಇನ್ನಾ ಒಳಗ ಬಂದಿಲ್ಲ.
ಕೊಡ ಅಲ್ಲೇ ಇಳಿಸತಾಳ.