ಕಾರಣನ ಪಾಲು

ಮಡಿಕೇರಿಯ ಕ್ಯಾಂಟೀನಿನಲ್ಲಿ ಹೊಸ ಗುಮಾಸ್ತ,
ಕಾರ್ಡು ತಿರುಗಿಸಿ ತಿರುಗಿಸಿ ನೋಡಿ ಕೇಳಿದ:
‘ಸಾಹೇಬರು ಬರಲಿಲ್ಲವಾ ಮೇಡಂ?’
ಬಂದಿದ್ದಾರಲ್ಲ, ಎಂದೆ, ಎದುರಿಗೇ ನಿಂತಿದ್ದಾರೆ.
ಇಪ್ಪತ್ತಾರು ವರ್ಷ ಸೂಜಿ ಚುಚ್ಚಿದ ಮೇಜರ್.
ಈ ತಿಂಗಳ ರಮ್ಮು ಎರಡು ಬಾಟಲಿ ಕೊಡಿ,
ಹಾಗೇ ಒಂದು ಟೂತ್‌ಪೇಸ್ಟು.

ಇವತ್ತು ಮಾಡುವುದು ಪಂಚು.
ಬರೀ ರಮ್ಮಿಗೆ ಬಿಸಿನೀರು ಬೆರೆಸಿ
ಗಂಟಲಿಗೆ ಸುರಿದುಕೊಳ್ಳುವುದಲ್ಲ.
ಅದು ಶೀತಕ್ಕೆ, ಅದು ಸಾವಿನ ಮನೆಗೆ.
ಇದು ಹಣ್ಣಿನದು. ಇದಕ್ಕೆ ಬಿಸಿಲು ಬೇಕು,
ಐಸು ಬೇಕು, ತಪ್ಪು ಹುಡುಕಲು ಒಬ್ಬಳು ಅಕ್ಕ ಬೇಕು.

ಕಲಿಸಿದವನು ಜಾಮ್‌ನಗರದ ಮೆಸ್ಸಿನ ಬಾವ್ತೀಸ್,
ಗೋವೆಯವನು, ಎಡಗೈಯ ಎರಡು ಬೆರಳಿಲ್ಲದವನು.
ನೈಟ್ ಡ್ಯೂಟಿ ಮುಗಿಸಿ ಬಂದ ನಮಗೆ
ಬೆಳಗಿನ ಏಳು ಗಂಟೆಗೆ ಸ್ಟೀಲ್ ಲೋಟದಲ್ಲಿ ಕೊಟ್ಟು
‘ಯಾರಿಗೂ ಹೇಳಬೇಡಿ ಸಿಸ್ಟರ್’ ಎನ್ನುತ್ತಿದ್ದ.
‘ಹುಳಿ ಮೊದಲು ಮಾತಾಡಬೇಕು,
ಸಿಹಿ ಅದಕ್ಕೆ ಹೂಂ ಅನ್ನಬೇಕು,
ರಮ್ಮು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಬೇಕು.’

ಅನಾನಸು ಸಿದ್ದಾಪುರದ ಸಂತೆಯದು,
ರುಖಿಯಾ ಹೊತ್ತು ತಂದು ಕಣ್ಣು ತೆಗೆದು ಕೊಟ್ಟದ್ದು.
ಕಿತ್ತಳೆ ಕೊಡಗಿನದೇ, ಅಣ್ಣನ ಅಂಗಿ ತೊಟ್ಟ ಹುಡುಗನ ಹಾಗೆ
ಸಿಪ್ಪೆಯೊಳಗೆ ಸಡಿಲ ಸಡಿಲ.
ನಾಗಪುರದ್ದನ್ನು ಇಲ್ಲಿಯದೆಂದು ಮಾರಿದವನಿಗೆ
ಕಳೆದ ವಾರವೇ ಮರ್ಯಾದೆ ಮಾಡಿ ಬಂದಿದ್ದೇನೆ.
ಪ್ಯಾಶನ್ ಫ್ರೂಟು ಬೇಲಿಯದು. ಪುಕ್ಕಟೆ.
ಒಡೆದರೆ ಒಳಗೆಲ್ಲ ಕಪ್ಪೆಮೊಟ್ಟೆ.

ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ,
ಹತ್ತು ಎಂ.ಎಲ್. ಗೆರೆ ಇನ್ನೂ ಕಾಣುತ್ತದೆ.
ಆರು ಮುಚ್ಚಳ ರಮ್ಮು, ಹನ್ನೆರಡು ಅನಾನಸು,
ಆರು ಕಿತ್ತಳೆ, ಎರಡು ನಿಂಬೆ, ಎರಡು ಬೆಲ್ಲದ ಪಾಕ,
ಬೇಲಿಯದು ಮನಸ್ಸಿಗೆ ಬಂದಷ್ಟು.
‘ಒಂದು ಮುಚ್ಚಳ ಹೆಚ್ಚಿಗೆ ಹಾಕೇ ಬೋಜಿ,’
ವರಾಂಡದಿಂದ ಚೋಂದಮ್ಮ, ಇಸ್ಪೀಟು ಕಲೆಸುತ್ತ.
ಹೆಚ್ಚಿಗೆ ಹಾಕಿಕೊಂಡವರನ್ನು ನೋಡಿದ್ದೇನೆ,
ನಾಲ್ಕನೇ ವಾರ್ಡಿನಲ್ಲಿ, ಹಳದಿ ಕಣ್ಣುಗಳ ಸಾಲಿನಲ್ಲಿ.
ಒಬ್ಬನಿಗೆ ನನ್ನ ತಮ್ಮನ ವಯಸ್ಸು.
ಹಾಕುವುದಿಲ್ಲ.

ಕರೆಂಟು ಹೋಗಿ ಐಸು ಅರ್ಧ ನೀರು. ಇರಲಿ.
ಉಳಿದದ್ದನ್ನು ಟವೆಲಿನಲ್ಲಿ ಸುತ್ತಿ ಲಟ್ಟಣಿಗೆಯಿಂದ ಬಡಿದು
ಎಲ್ಲವನ್ನೂ ಹಳೇ ಹಾರ್ಲಿಕ್ಸ್ ಬಾಟಲಿಗೆ ಹಾಕಿ
ಕೈ ಮರಗಟ್ಟುವವರೆಗೆ ಕುಲುಕಿದೆ.

ಬಾವ್ತೀಸ್ ಕೊನೆಗೊಂದು ಕಹಿ ಹನಿಸುತ್ತಿದ್ದ,
ಕಾಗದ ಸುತ್ತಿದ ಪುಟ್ಟ ವಿದೇಶಿ ಸೀಸೆಯಿಂದ.
ನನ್ನಲ್ಲಿರುವುದು ಕಾಚಂಪುಳಿ,
ಹಂದಿಕರಿಗೆಂದು ಅಕ್ಕ ದಿನವಿಡೀ ಕಾಸಿ ಇಳಿಸಿದ್ದು,
ಡಾಂಬರಿನಷ್ಟು ಕಪ್ಪು, ಜೇನಿನಷ್ಟು ಸೋಮಾರಿ.
ಸೂಜಿ ಹಿಡಿದ ಕೈ, ನಡುಗಲಿಲ್ಲ.
ಒಂದೇ ಹನಿ.
ಹಳದಿಯೊಳಗೆ ಅದು ಇಳಿಯುತ್ತ ಇಳಿಯುತ್ತ
ಉಂಡೆಯಿಂದ ದಾರ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು.
ಕುಡಿದು ನೋಡಿದೆ.
ಬಾವ್ತೀಸ್, ನಿನಗಿದು ಗೊತ್ತಿರಲಿಲ್ಲ.

ರುಖಿಯಾಳ ಗ್ಲಾಸಿಗೆ ರಮ್ಮಿಲ್ಲ, ಹನಿ ಇದೆ.
‘ಇದರಲ್ಲೇನೋ ಇದೆ’ ಎಂದು ಮೂಸಿ ಕೆಳಗಿಟ್ಟಳು.
ಸೀಸೆ ತಂದು ನೆಕ್ಕಿಸಿದ ಮೇಲೇ ಕುಡಿದದ್ದು,
ಆಮೇಲೆ ಎರಡು ಸಲ ಕೇಳಿ ಹಾಕಿಸಿಕೊಂಡದ್ದು.

ಆದರೆ ಮೊದಲ ಗ್ಲಾಸು ನಮ್ಮ ಯಾರದೂ ಅಲ್ಲ.
ಕಾರಣರಿಗೆ ಕೊಡುವ ದಿನ ಇವತ್ತಲ್ಲ, ಆದರೂ
ತೂಗುದೀಪದ ಕೆಳಗೆ ಬಾಳೆಲೆಯ ತುಂಡು ಹಾಸಿದೆ.
ಹಿರಿಯರಿಗೆ ಗೊತ್ತಿದ್ದದ್ದು ಸಾರಾಯಿ, ನೇರ, ಬೆಂಕಿಯಂಥದು.
ಅವರ ಮುಂದೆ ಈಗ, ಅಂಚಿಗೆ ಕಿತ್ತಳೆ ಹೋಳು ಸಿಕ್ಕಿಸಿದ
ಈ ಮದುಮಗಳು.
‘ಅಜ್ಜ ಬಯ್ಯುತ್ತಾರೆ’ ಎಂದಳು ಚೋಂದಮ್ಮ.
‘ಅಜ್ಜಿ ಕುಡಿಯುತ್ತಾಳೆ’ ಎಂದೆ.
ಹುಳಿಗೆ ಪ್ರಾಣ ಬಿಡುತ್ತಿದ್ದವಳು ಅವಳು,
ಎಪ್ಪತ್ತರಲ್ಲೂ ಮರದ ಕೆಳಗೆ ನಿಂತು
ಹಸಿ ಕಿತ್ತಳೆಗೆ ಉಪ್ಪು ಹಚ್ಚುತ್ತಿದ್ದವಳು.

ಬೆಳಿಗ್ಗೆ ನೋಡಿದರೆ
ಗ್ಲಾಸು ಎರಡು ಬೆರಳು ಇಳಿದಿತ್ತು.
ಕಿತ್ತಳೆ ಹೋಳು ಇರಲಿಲ್ಲ.
ಇಲಿ ಇರಬಹುದು. ಚೋಂದಮ್ಮ ಇರಬಹುದು,
ಹನ್ನೆರಡರ ಹೊತ್ತಿಗೆ ಚಪ್ಪಲಿಯ ಸದ್ದು ಕೇಳಿದ ನೆನಪು.
ಚಾರ್ಟಿನಲ್ಲಿ ಬರೆಯುವುದಾದರೆ ಇಷ್ಟೇ:
ಅರವತ್ತು ಎಂ.ಎಲ್. ಸೇವಿಸಿದ್ದಾರೆ.
ವಾಂತಿ ಇಲ್ಲ.
ಚೆನ್ನಾಗಿ ನಿದ್ದೆ ಮಾಡಿದ್ದಾರೆ.